ಅಡುಗೆಮನೆಯ ಎಂಟು ದೀಪ

ಲಕ್ವ ಹೊಡೆದು ಏಕಾಂತಪ್ಪನ ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಅವನ ಹೆಂಡತಿ ದಾಕ್ಷಾಯಿಣಿ ಅವನಿಗೊಂದು ದೀಪದ ಹಲಗೆ ಮಾಡಿದಳು. ಅಂಬತ್ತೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸೋಲ್ಡರಿಂಗ್ ಬೆಸುಗೆ ಮಾಡಿದ ಕೈ ಅವಳದು. ನೀರು, ಊಟ, ಫ್ಯಾನು, ಕಕ್ಕಸು, ಮಗ್ಗಲು, ನೋವು, ಟಿವಿ, ಬಾ ಎಂದು ಎಂಟು ದೀಪ ಸರದಿಯಲ್ಲಿ ಹತ್ತುತ್ತವೆ. ಬೇಕಾದದ್ದು ಹತ್ತಿದಾಗ ಅವನು ಎಡಗೈಯಿಂದ ಗುಂಡಿ ಒತ್ತಿದರೆ, ಅಡುಗೆಮನೆಯ ಇನ್ನೊಂದು ಹಲಗೆಯಲ್ಲೂ ಅದೇ ದೀಪ ಹತ್ತಬೇಕು.

ದೀಪಗಳನ್ನು ನಡೆಸುವ ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಹದಿನಾರು ತಂತಿ ಜೋಡಿಸುವಷ್ಟು ಕಾಲುಗಳು ಇರಲಿಲ್ಲ. ರಿಚ್ಚಿ ಸ್ಟ್ರೀಟಿನ ಬಿಡಿಭಾಗದ ಅಂಗಡಿಯಿಂದ ಶಿಫ್ಟ್ ರಿಜಿಸ್ಟರ್ ಎಂಬ ಎರಡು ಚಿಪ್ಪು ತಂದಳು. ಮೂರೇ ತಂತಿಯಲ್ಲಿ ಒಂದೊಂದಾಗಿ ಕಳಿಸಿದ್ದನ್ನು ಅವು ಮುಂದೆ ಮುಂದೆ ಸರಿಸಿ ಎಂಟೆಂಟು ದೀಪಗಳಿಗೆ ಹಂಚುತ್ತವೆ. ಒಂದನ್ನು ಹಾಸಿಗೆಯ ಬಳಿ ಕೂರಿಸಿದಳು. ಉದ್ದ ತಂತಿ ಎಳೆದು ಇನ್ನೊಂದನ್ನು ಒಲೆಯ ಮೇಲ್ಗಡೆ ಗೋಡೆಗೆ ಹಾಕಿದಳು.

ಆ ಉದ್ದ ತಂತಿಯೇ ಕಾಟ ಕೊಟ್ಟಿತು. ಅಡುಗೆಮನೆಯ ದೀಪ ಒಂದು ಹೆಜ್ಜೆ ಹೆಚ್ಚಾಗಿ ಸರಿಯುತ್ತಿತ್ತು. ಅವನು ನೀರು ಕೇಳಿದರೆ ಇಲ್ಲಿ ಊಟ, ಮಗ್ಗಲು ಕೇಳಿದರೆ ನೋವು. ಭಾನುವಾರ, ತಂತಿಯ ಅಡಚಣೆ ತಡೆಯಲು ಆ ಚಿಪ್ಪಿನ ಪಕ್ಕ ಒಂದು ಕೆಪಾಸಿಟರ್ ಹಾಕಿದಳು. ಸರಿಹೋಯಿತು.

ಸೋಮವಾರ ಕೆಲಸದಿಂದ ಬಂದು, ಹಗಲು ಅವನನ್ನು ನೋಡಿಕೊಳ್ಳುವ ಬೇಬಿ ಎಂಬಾಕೆಯನ್ನು ಮನೆಗೆ ಕಳಿಸಿ, ಉಪ್ಪಿಟ್ಟಿಗೆ ಇಡುವಾಗ ‘ನೋವು’ ಹತ್ತಿತು. ಹಲಗೆ ಮತ್ತೆ ಕೆಟ್ಟಿತು, ಅವನು ಕೇಳಿದ್ದು ಮಗ್ಗಲೇ ಅಂದುಕೊಂಡಳು. ಹೋಗಿ ಅವನನ್ನು ಬಲಮಗ್ಗಲಿಗೆ ಹೊರಳಿಸಿದಳು. ಅವನು ನರಳಿದ. ಅವಳು ಅಡುಗೆಮನೆಗೆ ಬರುವಷ್ಟರಲ್ಲಿ ಮತ್ತದೇ ದೀಪ.

“ಈಗರ ಹೊರಳ್ಸೇನಲ್ರೀ! ನನಗೂ ಸಾಕಾಗೇತಿ,” ಎಂದು ಅಲ್ಲಿಂದಲೇ ಕೂಗಿದಳು.

ಮಂಗಳವಾರ, ಬುಧವಾರವೂ ಹಾಗೇ. ಹಲಗೆ ಬಿಚ್ಚಲು ಮೈಯಲ್ಲಿ ತ್ರಾಣವಿರಲಿಲ್ಲ. ಗುರುವಾರ ರಜೆ ಹಾಕಿ, ಹಲಗೆಗೆ ಪ್ರೋಗ್ರಾಂ ಬರೆದುಕೊಟ್ಟಿದ್ದ ತಮ್ಮ ವೀರೇಶನಿಗೆ ಫೋನು ಮಾಡಿದಳು.

“ಅಕ್ಕಾ, ಭಾನುವಾರ ಸರಿ ಇದ್ದದ್ದು ತಾನಾಗೇ ಹೆಂಗ ಕೆಡತೈತಿ? ಎರಡೂ ಪಕ್ಕಪಕ್ಕ ಇಟ್ಟು ಚೂರು ಚೆಕ್ ಮಾಡ್,” ಎಂದ ಅವನು.

ಗೋಡೆಯ ಹಲಗೆ ಕಳಚಿ, ತಂತಿಯ ಸಮೇತ ತಂದು ಗಂಡನ ಪಕ್ಕ ಕೂತಳು. “ಒಂದೊಂದs ಒತ್ರೀ. ಮೊದಲ ನೀರು.”

ಎರಡರಲ್ಲೂ ನೀರು. ಆಮೇಲೆ ಊಟ, ಫ್ಯಾನು. ಎಂಟೂ ಸರಿಯಾಗಿದ್ದವು. ತಂತಿ ಪರೀಕ್ಷಿಸಲು ತಂದಿದ್ದ ಮೀಟರನ್ನು ಅವಳು ಪಕ್ಕಕ್ಕಿಟ್ಟಳು. ಅವಳು ಹೇಳದೆಯೇ ಅವನು ಇನ್ನೊಮ್ಮೆ ಒತ್ತಿದ. ಎರಡು ಹಲಗೆಯಲ್ಲೂ ‘ನೋವು’.

“ಎಲ್ರೀ?”

ಎಡಗೈಯನ್ನು ಎದೆಯ ಮೇಲಿಂದ ನಿಧಾನವಾಗಿ ಸರಿಸಿ, ಅವನು ಬಲಭುಜದ ಮೇಲಿಟ್ಟ. ಅಂಗಿ ಬಿಚ್ಚಿದರೆ ಭುಜ ಕೀಲಿನಿಂದ ಜಾರಿ ಬಾತುಕೊಂಡಿತ್ತು. ಮೂರು ದಿನ ಸಂಜೆ ಅವಳು ಅವನನ್ನು ಮಲಗಿಸಿದ್ದು ಅದರ ಮೇಲೆಯೇ.

“ಹಲಗಿ ಸುಳ್ಳ ಹೇಳತೈತಿ ಅಂದ್ಕೊಂಡಿದ್ದೆ...” ಎನ್ನುತ್ತ ಅವಳು ಆ ತೋಳಿನ ಕೆಳಗೆ ಮೆಲ್ಲಗೆ ದಿಂಬು ಕೊಟ್ಟಳು. ಅವನು ಅವಳ ಮುಂಗೈ ಹಿಡಿದುಕೊಂಡ.

ಡಾಕ್ಟರು ಬಂದು ತೋಳಿಗೆ ಪಟ್ಟಿ ಕಟ್ಟಿ, ಲಕ್ವ ಹೊಡೆದ ಭುಜ ತೋಳಿನ ಭಾರಕ್ಕೇ ಹೀಗೆ ಜಾರುತ್ತದೆ, ಆ ಮಗ್ಗಲಿಗೆ ಮಲಗಿಸಲೇಬೇಡಿ ಎಂದರು. ವಾಸಿಯಾಗಲು ತಿಂಗಳುಗಳೇ ಬೇಕು, ಪೂರ್ತಿ ಆಗದೆಯೂ ಇರಬಹುದು ಎಂದರು. ಅವರು ಹೋದ ಮೇಲೆ ಏಕಾಂತಪ್ಪ ನಿದ್ದೆಹೋದ. ಅನ್ನಕ್ಕಿಡಬೇಕಿತ್ತು. ದಾಕ್ಷಾಯಿಣಿ ಮಂಚದ ಕಾಲಿಗೆ ಒರಗಿ, ನೆಲದ ಮೇಲೆ ಕೂತಲ್ಲೇ ಕಣ್ಣುಮುಚ್ಚಿದಳು.