ವಾಸನೆ ಇಲ್ಲದ ಎಣ್ಣೆ

ಮರಳವಾಡಿ ಪಕ್ಕದ ಹಳ್ಳಿಯ ಕರಿಯಯ್ಯ ಕುಡಿತ ಬಿಟ್ಟಿದ್ದು ಊರಿಗೆಲ್ಲ ಗೊತ್ತು. ಗೊತ್ತಾಗದೆ ಇರುತ್ತದೆಯೇ, ಹೆಂಡತಿ ಮುನಿತಾಯಮ್ಮ ಮನೆಮನೆಗೂ ಹೋಗಿ ಹೇಳಿಬಂದಿದ್ದಳು. ಕೆಂಗಲ್ ಆಂಜನೇಯನ ಮುಂದೆ ಗಂಡನನ್ನು ನಿಲ್ಲಿಸಿ ಆಣೆ ಮಾಡಿಸಿದವಳೂ ಅವಳೇ. ಅಲ್ಲಿಂದೀಚೆಗೆ ಕರಿಯಯ್ಯ ಕುರಿ ಮೇಯಿಸಿಕೊಂಡು, ಸಂಜೆ ಊರ ಮಕ್ಕಳಿಗೆ ನಾಲಿಗೆ ತೊಡರುವ ಮಾತು ಹೇಳಿಕೊಟ್ಟುಕೊಂಡು ಹಾಯಾಗಿದ್ದ. ಅದು ಅವನೇ ಕಟ್ಟಿದ್ದು: “ಮರಳವಾಡಿ ಮರಳ ಮೇಲೆ ಕರಿಯಯ್ಯನ ಕರಿಕುರಿಮರಿ ಮರಳಿ ಮರಳಿ ಉರುಳಿತು.” ಮಕ್ಕಳು ಅರ್ಧಕ್ಕೇ ಎಡವುತ್ತಿದ್ದರು. ಅವನು ಒಂದೇ ಉಸಿರಿಗೆ ಹೇಳಿ ಮೀಸೆ ತಿರುವುತ್ತಿದ್ದ.

ಒಂದು ಬೆಳಿಗ್ಗೆ ರೊಟ್ಟಿ ತಿಂದು ಕುರಿಹಟ್ಟಿಗೆ ಹೋದವನು ಸ್ವಲ್ಪ ಹೊತ್ತಿಗೇ ಗೋಡೆ ಹಿಡಿದುಕೊಂಡು, ಕಾಲು ಅಗಲಿಸಿ ತೂರಾಡುತ್ತ ವಾಪಸು ಬಂದ.

“ತಾ… ಯೀ… ತಯೆ ತಿ… ಯುಗ್ತಾ ಐತೆ,” ಅಂದ. ಒಂದು ಮಾತು ಎಳೆದು, ಇನ್ನೊಂದು ನುಂಗಿ, ಮಗದೊಂದು ಜೋರಾಗಿ.

ಸಿಟ್ಟು ಬಂದರೆ ಮುನಿತಾಯಮ್ಮನ ಬಾಯಲ್ಲಿ ಬಹುವಚನ ಉಳಿಯುವುದಿಲ್ಲ. “ಬೆಳ್ಬೆಳಿಗ್ಗೇನೇ ಏರಿಸ್ಕಂಡ್ ಬಂದ್ಯಾ? ಬುಡು ಬಾಯಿ,” ಅಂತ ಮೂಸಿ ನೋಡಿದಳು. ಈರುಳ್ಳಿ ರೊಟ್ಟಿಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ.

ಪಕ್ಕದ ಮನೆ ಬಸವಯ್ಯ ಜಗಲಿ ಇಳಿದು ಬಂದ. ಈ ವಿಷಯದಲ್ಲಿ ಅವನು ಊರಿಗೇ ಪಂಡಿತ. ತಾನೂ ಮೂಸಿದ. ಮುಖ ಅರಳಿತು.

“ವಾಸ್ನೇನೇ ಇಲ್ವಲ್ಲೋ. ಯಾವ ಅಂಗ್ಡೀದ್ಲಾ ಈ ಎಣ್ಣೆ? ನಂಗೂ ಒಸಿ ಯೋಳು, ನಮ್ಮನೇಲೂ ಇದೇ ಗಲಾಟೆ.”

ಕರಿಯಯ್ಯನ ಕಣ್ಣಲ್ಲಿ ನೀರು ಬಂತು. ಆಣೆ ಇಡಲು ಹೋದ. “ಕೆಂ… ಗಯ್ಯು… ಆಂಜ್…” ಮುಂದಕ್ಕೆ ನಾಲಿಗೆ ಹೊರಳಲಿಲ್ಲ.

“ನೋಡು, ಆಣೆ ಮುರ್ದೋನ ಬಾಯಲ್ಲಿ ದೇವ್ರ ಹೆಸ್ರೂ ನಿಲ್ತಿಲ್ಲ,” ಅಂದಳು ಮುನಿತಾಯಮ್ಮ. “ಮೊದ್ಲು ಮಜ್ಜಿಗೆ ಕುಡ್ಸಿ ಇಳಿಸ್ತೀನಿ. ಆಮೇಲೆ ಕೆಂಗಲ್‌ಗೆ ಕರ್ಕಂಡೋಗಿ ತಪ್ಪೊಪ್ಪಿಸ್ತೀನಿ.”

ಮಜ್ಜಿಗೆ ಗಂಟಲಿಗೆ ಬೀಳುತ್ತಲೇ ಕರಿಯಯ್ಯನಿಗೆ ಕೆಮ್ಮು ಹತ್ತಿ ಕಣ್ಣುಗುಡ್ಡೆ ಮೇಲಾಯಿತು. ಅದೇ ಹೊತ್ತಿಗೆ ಸೊಸೆ ಕುಸುಮ ಹಾರೋಹಳ್ಳಿ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದಳು. ಬಂದವಳೇ ಚೊಂಬು ಕಿತ್ತುಕೊಂಡಳು.

“ಅತ್ತೆ, ಏನೂ ಕುಡಿಸ್ಬೇಡಿ. ಮಾತು ತೊದಲೋರ್ಗೆ ನುಂಗಕ್ಕೂ ಆಗ್ದೇ ಇರ್ಬೋದು. ಇದು ಲಕ್ವ ಇದ್ದಂಗೈತೆ. ನಮ್ ಫ್ಯಾಕ್ಟ್ರೀಲಿ ಟ್ರೇನಿಂಗ್‌ನಲ್ಲಿ ಹೇಳ್ಕೊಟ್ಟವ್ರೆ.”

“ಲಕ್ವ ಆದ್ರೆ ಬಾಯಿ ಸೊಟ್ಟಗಾಗ್ಬೇಕು, ಕೈ ಬೀಳ್ಬೇಕು. ಇವನ್ ಬಾಯಿ ನೆಟ್ಟಗೈತೆ, ಎರಡು ಕೈಯೂ ಎತ್ತುತಾವ್ನೆ.”

“ಎಲ್ಲಾ ಲಕ್ವಾನೂ ಬಾಯಿ ಸೊಟ್ಟ ಮಾಡಲ್ಲ ಅತ್ತೆ. ತಲೆ ಹಿಂದ್ಗಡೆ, ಕೆಳಕ್ಕೆ, ಕಿರುಮೆದುಳು ಅಂತೈತೆ. ನಾವು ಮಾತಾಡ್ವಾಗ ತುಟಿ, ನಾಲ್ಗೆ, ಉಸ್ರು ಎಲ್ಲಾ ಒಂದ್ರ ಹಿಂದೊಂದು ಬರ್ಬೇಕಲ್ಲ, ಆ ಲೆಕ್ಕ ನೋಡೋದು ಅದೇಯ. ಹಟ್ಟಿ ಬಾಗಿಲಲ್ಲಿ ಮಾವ ನಿಂತಿದ್ರೆ ಕುರಿ ಒಂದೊಂದಾಗಿ ಬತ್ತವೆ. ಇಲ್ದಿದ್ರೆ?”

“ಒಂದ್ರ ಮೇಲೊಂದು ಬೀಳ್ತವೆ.”

“ಹಂಗೇ ಮಾತೂವೆ. ಹೇಳ್ಬೇಕಾದ್ದು ಮಾವನಿಗೆ ಗೊತ್ತು, ಬಾಗಿಲಲ್ಲಿ ನೂಕಾಟ. ನಡಿಗೆ ನೆಟ್ಟಗೆ ಇಡೋದೂ ಅದೇ ಕಿರುಮೆದುಳು, ಅದ್ಕೇ ಕುಡ್ದೋರ ಥರ ಕಾಣೋದು.” ಕುಸುಮ ಮಾವನ ಕಡೆ ತಿರುಗಿದಳು. “ಮಾವ, ಮೂಗು ಮುಟ್ಕೊಳಿ.”

ಕರಿಯಯ್ಯನ ಬೆರಳು ನಡುಗುತ್ತ ಹೋಗಿ ಕೆನ್ನೆಗೆ ತಿವಿಯಿತು. ಆದರೂ ಮುನಿತಾಯಮ್ಮ ಜಗ್ಗಲಿಲ್ಲ. ಕುಡಿದಾಗ ಅವನು ಹೆಂಡತಿಯನ್ನೇ ಗುರುತಿಸದಿದ್ದ ದಿನಗಳನ್ನು ಕಂಡವಳು, ಮೂಗು ಯಾವ ಲೆಕ್ಕ?

“ಸರಿ, ನಿಮ್ ಕರಿಕುರಿಮರಿ ಹೇಳಿ ಮಾವ,” ಅಂದಳು ಕುಸುಮ.

“ಮಯಯ… ವಾಯಿ… ಮಯ…” ಅಲ್ಲಿಗೇ ನಿಂತಿತು.

ಗಂಡ ಕಂಠಪೂರ್ತಿ ಕುಡಿದ ದಿನವೂ ಆ ಮಾತು ತಪ್ಪಿದ್ದಿಲ್ಲ. ಹಿಂದೊಮ್ಮೆ ಚರಂಡಿಯಲ್ಲಿ ಮಲಗಿಕೊಂಡೇ ಅದನ್ನು ಮರಳಿ ಮರಳಿ ಹೇಳಿ ಊರನ್ನೆಲ್ಲ ಎಬ್ಬಿಸಿದ್ದ. ಇದು ಎಣ್ಣೆಯಲ್ಲ ಎಂದು ಮುನಿತಾಯಮ್ಮನಿಗೆ ಆಗ ಹೊಳೆಯಿತು.

“ಕೆಂಗಲ್ ಎಲ್ಲೂ ಓಡೋಗಲ್ಲ. ನೂರೆಂಟಕ್ಕೆ ಫೋನ್ ಮಾಡವ್ವ,” ಅಂದಳು.

ಸ್ಕ್ಯಾನ್ ಇರುವ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಕೊನೆಯ ಸಲ ಇವರು ಸರಿಯಾಗಿದ್ದದ್ದು ಯಾವಾಗ ಎಂದು.

“ರೊಟ್ಟೀಗೆ ಉಪ್ಪು ಜಾಸ್ತಿ ಅಂತ ನನ್ನ ಬೈದ್ರು ಸ್ವಾಮಿ. ಮಾತು ಸ್ಪಷ್ಟವಾಗೇ ಇತ್ತು. ಆಗ ಎಂಟು ಗಂಟೆ ಬಸ್ಸು ಹೋಯ್ತು,” ಅಂದಳು ಮುನಿತಾಯಮ್ಮ.

ಕಿರುಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ಹೊತ್ತು ಮೀರಿರಲಿಲ್ಲವಾದ್ದರಿಂದ ಕರಗಿಸುವ ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದ ಮೇಲೆ ಕರಿಯಯ್ಯನಿಗೆ ದಿನಾ ಮಾತಿನ ಅಭ್ಯಾಸ. ಮೇಷ್ಟ್ರು ಊರ ಮಕ್ಕಳೇ. ಈಗ ಅವನು ತಪ್ಪಿದರೆ ಅವು ನಗುತ್ತವೆ, ಅವನೂ ನಗುತ್ತಾನೆ. ಕರಿಕುರಿಮರಿ ನಿಧಾನವಾಗಿ ಉರುಳುತ್ತಿದೆ, ಆದರೂ ಉರುಳುತ್ತಿದೆ. ಕೆಂಗಲ್‌ಗೆ ಹೋಗಿ ತಪ್ಪೊಪ್ಪಿಕೊಂಡು ಬಂದವಳು ಮುನಿತಾಯಮ್ಮ.

ಬಸವಯ್ಯ ಮಾತ್ರ ಯಾಕೋ ಮಂಕಾಗಿದ್ದ. “ಕುಡೀದೋನ್ನೇ ಯಾರೂ ನಂಬ್ಲಿಲ್ಲ. ನಾಳೆ ನಂಗೇ ಹಿಂಗಾದ್ರೆ ಯಾರವ್ವ ನಂಬ್ತಾರೆ?” ಅಂತ ಮುನಿತಾಯಮ್ಮನನ್ನು ಕೇಳಿದ.

ಉತ್ತರ ಹೇಳಬೇಕಾದವರು ನೀವು. ಮನೆಯವರ ಮಾತು ಇದ್ದಕ್ಕಿದ್ದಂತೆ ತೊದಲಿದರೆ, ನಡಿಗೆ ತೂರಾಡಿದರೆ, ತಲೆ ಸುತ್ತಿ ಕಣ್ಣು ಮಂಜಾದರೆ ಬಾಯಿ ಮೂಸುತ್ತ ಕೂರಬೇಡಿ. ಕುಡಿಯದವನಿಗೂ ಲಕ್ವ ಬರುತ್ತದೆ, ಕುಡಿದವನಿಗೂ ಬರುತ್ತದೆ. ಮಜ್ಜಿಗೆ ಬೇಡ, ಮಾತ್ರೆ ಬೇಡ. ಗಡಿಯಾರ ನೋಡಿ, ೧೦೮ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ನಾಲ್ಕೂವರೆ ಗಂಟೆ ಮಾತ್ರ. ಮೊದಲು ಆಸ್ಪತ್ರೆಗೆ ಸೇರಿಸಿ. ಬೈಯುವುದಿದ್ದರೆ ಆಮೇಲೆ ಬೈಯಿರಿ, ಬೈಸಿಕೊಳ್ಳಲು ಮನುಷ್ಯನಾದರೂ ಇರುತ್ತಾನೆ.