ಬಾಯಿಪಾಠದ ಕಣ್ಣು

ಸಂಜೆ ಆರಾದರೆ ಸಾಕು, ಅವಳ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಹುಟ್ಟಿದ ಮನೆಯಲ್ಲಿ ಅದು ಪಠಣದ ಹೊತ್ತು. ತಮ್ಮ ಪಂಥದ ಸಭೆಗೆ ಹಿರಿಯರಾದ ಅಪ್ಪನ ಮುಂದೆ ಮಂಡಿಯೂರಿ ಧರ್ಮಗ್ರಂಥ ಒಪ್ಪಿಸಬೇಕು. ಒಂದಕ್ಷರ ತಪ್ಪಿದರೆ ಒಂದೇಟು, 'ಗೊತ್ತಿಲ್ಲ' ಎಂದರೆ ಎರಡು. ಆ ಮನೆ ಬಿಟ್ಟು ಏಳು ವರ್ಷವಾಯಿತು. ಕಾಲಿಗೆ ಮಾತ್ರ ಇನ್ನೂ ಯಾರೂ ಸುದ್ದಿ ಮುಟ್ಟಿಸಿಲ್ಲ.

ಈಗ ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಹಿಂದುಗಡೆ ಒಂದು ಪುಟ್ಟ ಕತ್ತಲೆ ಕೋಣೆ, ಗೋಡೆಯ ಮೇಲೆ ಬೆಳಕಿನ ಅಕ್ಷರಪಟ. "ಇದು ಚೆನ್ನಾಗಿ ಕಾಣುತ್ತಾ, ಅದಾ? ಗೊತ್ತಾಗ್ತಿಲ್ಲ ಅಂದ್ರೂ ಪರವಾಗಿಲ್ಲ, ಹಾಗೇ ಹೇಳಿ" ಎಂದು ದಿನಕ್ಕೆ ಮೂವತ್ತು ಸಲ ಹೇಳುವಾಗ ಅವಳ ಎದೆ ಹಗುರಾಗುತ್ತದೆ. ದೇವರೆನ್ನುವವನಿದ್ದರೆ ಹೀಗೇ ಕೇಳುತ್ತಾನೆ ಎಂದು ಅವಳ ನಂಬಿಕೆ. ಇಷ್ಟೇ ಅವಳ ಧರ್ಮ, ಅಂಗೈಯಗಲದ್ದು. ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ.

ಅಂಥ ಕೋಣೆಗೆ ಇವತ್ತು ಅಪ್ಪನೇ ಪರದೆ ಸರಿಸಿಕೊಂಡು ಬಂದರು. ಇಷ್ಟು ಕಷ್ಟಪಟ್ಟು ಕೂಡಿಸಿಕೊಂಡ ನೆಮ್ಮದಿಯನ್ನು ಈ ಮನುಷ್ಯ 'ಇದು ಪಾಪ' ಎಂದು ಒಂದೇ ಮಾತಿನಲ್ಲಿ ಗುಡಿಸಿ ಹಾಕಿಬಿಟ್ಟರೆ?

"ಇಲ್ಲಿದೀಯ ಅಂತ ನಿಮ್ಮಕ್ಕ ಹೇಳಿದ್ಲು. ಕನ್ನಡಕ ಬದಲಾಯಿಸ್ಬೇಕು" ಎಂದರು, ಅಷ್ಟೇ.

ಪಟ ಬೆಳಗಿಸಿದಳು. ಅಪ್ಪ ಕೊನೆಯ ಸಾಲಿನವರೆಗೆ ಪಟಪಟನೆ ಓದಿ ಮುಗಿಸಿದರು. ಎಪ್ಪತ್ತರ ಕಣ್ಣಿಗೆ ಇದೇನು ಚುರುಕಪ್ಪ ಎಂದುಕೊಳ್ಳುವಷ್ಟರಲ್ಲಿ ಅವಳಿಗೆ ಹೊಳೆಯಿತು: ಹೊರಗಿನ ಬೆಂಚಿನ ಮೇಲೆ ಕೂತು, ಹಿಂದಿನ ಗಿರಾಕಿ ಓದಿದ್ದನ್ನು ಕೇಳಿ ಉರು ಹೊಡೆದಿದ್ದಾರೆ. ಸದ್ದಿಲ್ಲದೆ ಪಟ ಬದಲಿಸಿ, "ಇನ್ನೊಂದ್ಸಲ ಓದಿ" ಎಂದಳು. ಅಪ್ಪ ಹಳೆಯದನ್ನೇ ಒಪ್ಪಿಸಿದರು.

'ತಪ್ಪು' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಎಷ್ಟು ರುಚಿಯಾಗಿರುತ್ತಿತ್ತೋ. ಆದರೂ ನುಂಗಿಕೊಂಡಳು.

"ಅಪ್ಪ, ಪಟ ಬದಲಾಯಿಸಿದೀನಿ. ಗೊತ್ತಾಗ್ತಿಲ್ಲ ಅಂದ್ರೂ ಪರವಾಗಿಲ್ಲ."

ಅಪ್ಪ ಹಳೆಯ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಗೊತ್ತಾಗ್ತಿಲ್ಲ" ಎಂದರು ಕಡೆಗೆ. "ಎರಡು ವರ್ಷದಿಂದ ಗ್ರಂಥ ಓದೋಕೆ ಆಗಿಲ್ಲ. ಸಭೆಯಲ್ಲಿ ಬಾಯಿಪಾಠದಲ್ಲೇ ತಳ್ತಿದೀನಿ. ಈಗ ಅದೂ ಮರೆತುಹೋಗ್ತಾ ಇದೆ."

ಇದು ಕನ್ನಡಕದಿಂದ ಆಗುವ ಕೆಲಸವಲ್ಲ, ನಾಳೆಯೇ ಕಣ್ಣಿನ ಡಾಕ್ಟರನ್ನು ಕಾಣಬೇಕು ಎಂದು ಚೀಟಿ ಬರೆದು ಕೈಗಿಟ್ಟಳು. ಅಪ್ಪ ಏಳಲಿಲ್ಲ.

"ಗ್ರಂಥ ಇಲ್ದೆ ನೀನು ಹೇಗಿದೀಯ?"

'ಯಾಕೆ ಬಿಟ್ಟುಹೋದೆ' ಎಂದು ಕೇಳಿದ್ದರೆ ಅವಳ ಬಳಿ ಏಳು ವರ್ಷದಿಂದ ಅರೆದಿಟ್ಟ ಉತ್ತರವಿತ್ತು. ಇದಕ್ಕೆ ಅಲ್ಲೇ ಹುಡುಕಿಕೊಂಡಳು.

"ದಿನಾ ಹೊಸದಾಗಿ ಹುಡುಕ್ತೀನಪ್ಪ. ಒಂದೊಂದು ದಿನ ಏನೋ ಸಿಗುತ್ತೆ, ಸಮಾಧಾನ ಆಗುತ್ತೆ."

"ಸಿಗದಿದ್ದ ದಿನ?"

"ನಿಮ್ಮ ಮೇಲೆ ಸಿಟ್ಟು ಬರುತ್ತೆ."

ಅಪ್ಪ ತಲೆಯಾಡಿಸಿದರು. 'ಇದು ಪಾಪ' ಎನ್ನಲಿಲ್ಲ. ಚೀಟಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ನಿನಗೆ ನಾನಾದ್ರೂ ಇದೀನಿ. ನಾನು ಯಾರ ಮೇಲೆ ಸಿಟ್ಟಾಗ್ಲಿ?"

ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ನನ್ನ ಮೇಲೇ ಆಗಿ" ಎಂದಳು. "ನನಗೆ ಅಭ್ಯಾಸ ಇದೆ."