ಸಿಗ್ನೆಗೊಂದು ಶಿಫಾರಸು ಪತ್ರ

ಓರ್ವಲ್ ಟ್ವೈಟ್ ತನ್ನ ಗ್ಯಾರೇಜಿನಲ್ಲಿ ಕೂತು ನಾಲ್ಕನೆಯ ಹಾಳೆಯನ್ನೂ ಮುದ್ದೆ ಮಾಡಿ ಹಳೆಯ ಟೈರಿನೊಳಗೆ ಎಸೆದ. ಮಗಳು ಸಿಗ್ನೆ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಸೇರಲು ಅವನ ಶಿಫಾರಸು ಪತ್ರ ಬೇಕಿತ್ತು. ಅಂದು ನಾಲ್ಕು ಗಂಟೆಯ ಟಪಾಲು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಹೋದ ವರ್ಷ ತಮ್ಮನ ಮಗ ಗೇಲನ್‌ಗೆ ಐದೇ ನಿಮಿಷದಲ್ಲಿ ಬರೆದುಕೊಟ್ಟಿದ್ದ: ಏಳು ವರ್ಷ ಅನುಭವದ ಕೆಲಸಗಾರ, ಯಾವ ಇಂಜಿನ್ ಆದರೂ ಬಿಚ್ಚಬಲ್ಲ. ಬಿಚ್ಚುತ್ತಿದ್ದುದು ನಿಜ. ಜೋಡಿಸಿದ ಮೇಲೆ ಹಿಡಿತುಂಬ ನಟ್ಟುಗಳು ಉಳಿಯುತ್ತಿದ್ದವು, ಅದು ಬೇರೆ ಮಾತು.

ಸಿಗ್ನೆ ಐದನೆಯ ಹಾಳೆ ಓದಿದಳು: ಒಳ್ಳೆಯ ಗುಣದ ಹುಡುಗಿ, ಸದಾ ನಗುಮುಖ, ಗ್ಯಾರೇಜಿನಲ್ಲಿ ತಂದೆಗೆ ಸಹಾಯ ಮಾಡುತ್ತಾಳೆ.

"ಅಪ್ಪಾ, ನನ್ನನ್ನ ಕಾಲೇಜಿಗೆ ಕಳಿಸ್ತಿದೀಯೋ, ಗಂಡು ಹುಡುಕ್ತಿದೀಯೋ?"

"ಸುಳ್ಳೇನು ಬರ್ದಿದೀನಿ? ಸಹಾಯ ಮಾಡಲ್ವಾ ನೀನು?"

ನಮ್ಮೂರ ಮಾತೇ ಹಾಗೆ. ಹುಡುಗ ಸ್ಪ್ಯಾನರ್ ಮುಟ್ಟಿದರೆ ಅದು ಕೆಲಸ. ಹುಡುಗಿ ಇಡೀ ಇಂಜಿನ್ ಇಳಿಸಿದರೂ ಸಹಾಯ. ಹನ್ನೊಂದು ವರ್ಷ ಗ್ಯಾರೇಜಿನಲ್ಲಿ ದುಡಿಯುತ್ತ ಅದನ್ನೇ ಕೇಳಿ ಬೆಳೆದ ಸಿಗ್ನೆ, ಅರ್ಜಿಯಲ್ಲಿ ಕೆಲಸದ ಅನುಭವ ಎಂಬಲ್ಲಿ ತಾನೇ 'ಇಲ್ಲ' ಎಂದು ಬರೆದಿದ್ದಳು. ಇಂಥವಳಿಗೆ ಏನನ್ನಬೇಕೋ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ರೈತ ಹೆರಾಲ್ಡ್ ಮೋಯನ್‌ನ ಕೊಯ್ಲು ಯಂತ್ರ ಗೋಧಿ ಹೊಲದ ನಡುವೆ ಕೆಟ್ಟು ನಿಂತಿತ್ತು.

"ಹೋದ ವರ್ಷ ರಿಪೇರಿ ಮಾಡಿದ್ರಲ್ಲ, ಅವರನ್ನೇ ಕಳಿಸಯ್ಯಾ. ನೀನು ಬಂದ್ರೆ ಬರೀ ಮಾತು."

ಓರ್ವಲ್‌ನ ಕಿವಿ ಕೆಂಪಾಯಿತು. ಹೋದ ವರ್ಷ ಆ ಯಂತ್ರವನ್ನು ಇದೇ ಗ್ಯಾರೇಜಿನಲ್ಲಿ ಸರಿಮಾಡಿದವಳು ಎದುರಿಗೇ ನಿಂತಿದ್ದಳು. ಯಾರು ಮಾಡಿದ್ದೆಂದು ಹೆರಾಲ್ಡ್ ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ.

ಹೊರಡು ಎಂದರೆ ಸಿಗ್ನೆ ಕದಲಲಿಲ್ಲ. ತನಗೆಲ್ಲಿಯ ಅನುಭವ, ಅಪ್ಪ ಹೋದರೆ ಬೇಕಾದರೆ ಸಹಾಯಕ್ಕೆ ಬರುತ್ತೇನೆ ಎಂದಳು. ಓರ್ವಲ್ ಅವಳ ಸಲಕರಣೆಗಳ ಪೆಟ್ಟಿಗೆಯನ್ನು ತಾನೇ ಹೊತ್ತು ಪಿಕಪ್‌ನಲ್ಲಿಟ್ಟ. ಬರೆಯಲು ಒಂದು ಹಾಳೆಯನ್ನೂ ಅರ್ಜಿಯನ್ನೂ ಜೊತೆಗೆ ತೆಗೆದುಕೊಂಡ.

ಹೊಲದಲ್ಲಿ ಸಿಗ್ನೆ ಸರಸರನೆ ಯಂತ್ರ ಹತ್ತಿ ಮುಚ್ಚಳ ತೆಗೆದಳು. ಹೆರಾಲ್ಡ್ ಅವಳನ್ನೊಮ್ಮೆ, ಕೆಳಗೆ ನಿಂತಿದ್ದ ಓರ್ವಲ್‌ನನ್ನೊಮ್ಮೆ ನೋಡಿದ.

"ಹಂಗಾದ್ರೆ ನೀನ್ಯಾಕಯ್ಯಾ ಬಂದೆ?"

ಓರ್ವಲ್ ತಲೆ ಕೆರೆದುಕೊಂಡ.

"ಸಹಾಯಕ್ಕೆ."

ಪೆಟ್ಟಿಗೆಯ ಮೇಲೆ ಹಾಳೆ ಹರಡಿ, ಒಂದು ಕೈಯಲ್ಲಿ ಅವಳಿಗೆ ಸ್ಪ್ಯಾನರ್ ಕೊಡುತ್ತ, ಇನ್ನೊಂದರಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯತೊಡಗಿದ. ಬರೆಯಲು ಈ ಸಲ ತಡವರಿಸಲಿಲ್ಲ.

ಮೂರೂವರೆಗೆ ಯಂತ್ರ ಗುಡುಗಿ ಎದ್ದಿತು. ಅಂಚೆ ಕಚೇರಿಯ ದಾರಿಯಲ್ಲಿ ಸಿಗ್ನೆ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, 'ಇಲ್ಲ' ಎಂಬುದನ್ನು ಹೊಡೆದುಹಾಕಿ, 'ಹನ್ನೊಂದು ವರ್ಷ' ಎಂದು ಬರೆದಳು. ಪತ್ರವನ್ನೂ ಅರ್ಜಿಯನ್ನೂ ಸೇರಿಸಿ ಮುಚ್ಚಿದ ಲಕೋಟೆಯ ಮೇಲೆ ಗ್ರೀಸಿನ ಎರಡು ಹೆಬ್ಬೆರಳ ಗುರುತು ಮೂಡಿತ್ತು, ಒಂದು ದೊಡ್ಡದು, ಒಂದು ಚಿಕ್ಕದು.